ಸಿಂಪ್ಯೂಟರ್: ಆ್ಯಪ್ ಯುಗಕ್ಕೂ ಮೊದಲಿನ ಕೈಗಣಕ

ಮೊಬೈಲ್ ಆ್ಯಪ್‌ಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 2008ರ ಜುಲೈ 10ರಿಂದ ಶುರು ಮಾಡುತ್ತಾರೆ. ಅಂದು ಆ್ಯಪಲ್ ಕಂಪನಿ 500 ಆ್ಯಪ್‌ಗಳೊಂದಿಗೆ ತನ್ನ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ವಾರಾಂತ್ಯದಲ್ಲೇ ಒಂದು ಕೋಟಿ ಡೌನ್‌ಲೋಡ್‌ಗಳಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಮಾರ್ಕೆಟ್ ಬಂತು. ಈ ಕಥೆ ಸುಳ್ಳಲ್ಲ. ಆದರೆ ಅದಕ್ಕೆ ಏಳು ವರ್ಷ ಮೊದಲೇ ಬೆಂಗಳೂರಿನಲ್ಲಿ ಅಂಗೈಯಗಲದ ಒಂದು ಗಣಕ ಸಿದ್ಧವಾಗಿತ್ತು. ಅದು ಕನ್ನಡ ಅಕ್ಷರಗಳನ್ನು ತೋರಿಸುತ್ತಿತ್ತು, ಬರೆದದ್ದನ್ನು ಓದಿ ಹೇಳುತ್ತಿತ್ತು. ಅದರ ಹೆಸರು ಸಿಂಪ್ಯೂಟರ್. ಇವತ್ತು ಕನ್ನಡದಲ್ಲಿ ಆ್ಯಪ್ ಮಾಡಲು ಹೊರಟವರಿಗೆ ಈ ಹಳೆಯ ಕಥೆಯಲ್ಲಿ ಕಲಿಯುವುದು ಸಾಕಷ್ಟಿದೆ ಎಂಬುದು ನನ್ನ ಅನಿಸಿಕೆ.

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ವಿಚಾರಸಂಕಿರಣದ ಚರ್ಚೆಯಲ್ಲಿ ಈ ಯೋಚನೆ ಹುಟ್ಟಿತು. ಮಾಹಿತಿ ತಂತ್ರಜ್ಞಾನ ಬಡ ದೇಶಗಳಿಗೆ ಹೇಗೆ ಒದಗಬೇಕು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನಿಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರೊಂದಿಗೆ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮೊದಲ ಮಾದರಿ ಹೊರಬಂತು. ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಗುಣಗಳನ್ನು ಅದರ ಹೆಸರಿನಲ್ಲೇ ಅಡಗಿಸಿಟ್ಟಿದ್ದರು. ಒಳಗೆ ಲಿನಕ್ಸ್, ಹೊರಗೆ ಕಡ್ಡಿಯಿಂದ ಮುಟ್ಟಿ ನಡೆಸುವ ಕಪ್ಪು-ಬಿಳುಪು ಪರದೆ. ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿ ಇರಬೇಕೆಂಬುದು ಗುರಿ. ಅದೇ ವರ್ಷದ ಮುಖ್ಯ ಆವಿಷ್ಕಾರಗಳ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕೆಯಲ್ಲಿ ಬರೆಯುತ್ತ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನು ಎತ್ತಿ ಹೇಳಿದರು.

ಆದರೆ ಅದನ್ನು ನೆನಪಿಡಬೇಕಾದ್ದು ಬೆಲೆಗಾಗಿ ಅಲ್ಲ, ಅದು ಎತ್ತಿಕೊಂಡ ಎರಡು ಪ್ರಶ್ನೆಗಳಿಗಾಗಿ.

ಮೊದಲನೆಯದು, ಒಂಬತ್ತು ಸಾವಿರ ಕೊಡಲಾಗದವರು ಏನು ಮಾಡಬೇಕು? ಉತ್ತರ: ಹಂಚಿಕೊಳ್ಳಬೇಕು. ಪಂಚಾಯಿತಿಯೋ ಶಾಲೆಯೋ ಅಂಗಡಿಯೋ ಒಂದು ಯಂತ್ರ ಕೊಳ್ಳುತ್ತದೆ. ಬಳಸುವ ಪ್ರತಿಯೊಬ್ಬರ ಬಳಿಯೂ ಒಂದು ಸ್ಮಾರ್ಟ್ ಕಾರ್ಡ್ ಇರುತ್ತದೆ. ಕಾರ್ಡ್ ತೂರಿಸಿದರೆ ಅವರ ವಿವರ ಪರದೆಗೆ ಬರುತ್ತದೆ, ತೆಗೆದರೆ ಅವರೊಂದಿಗೇ ಹೋಗುತ್ತದೆ. ಊರಿನ ಬಾವಿ ಒಂದೇ, ಕೊಡ ಮಾತ್ರ ಅವರವರದು ಎನ್ನುವ ಹಾಗೆ.

ಎರಡನೆಯದು, ಓದಲು ಬಾರದವರು ಏನು ಮಾಡಬೇಕು? ಅದಕ್ಕೆ ಯಂತ್ರವೇ ಓದಿ ಹೇಳಬೇಕಿತ್ತು. ಬರೆದಂತೆ ಉಚ್ಚರಿಸುವ ಗುಣ ಕನ್ನಡದಂಥ ಭಾಷೆಗಳಲ್ಲಿ ಹೆಚ್ಚಿರುವುದರಿಂದ, ಚಿಕ್ಕ ಚಿಕ್ಕ ಧ್ವನಿತುಣುಕುಗಳನ್ನು ಜೋಡಿಸಿ ಪಠ್ಯವನ್ನು ಮಾತಾಗಿಸುವ 'ಧ್ವನಿ' ಎಂಬ ತಂತ್ರಾಂಶವನ್ನು ಟ್ರಸ್ಟ್ ರೂಪಿಸಿತು. ಮಾತು ಯಾಂತ್ರಿಕವಾಗಿತ್ತು, ಆದರೆ ಅರ್ಥವಾಗುತ್ತಿತ್ತು. ಜೊತೆಗೆ ಮಾಹಿತಿಯನ್ನು ಪರದೆಗೆ ಹೊಂದಿಸಲು ಐಎಂಎಲ್ ಎಂಬ ತನ್ನದೇ ಗುರುತುಭಾಷೆಯನ್ನೂ ಸಿದ್ಧಪಡಿಸಿತು. ಯಂತ್ರದ ವಿನ್ಯಾಸವನ್ನೂ ಬಚ್ಚಿಡಲಿಲ್ಲ. ಪರವಾನಗಿಯ ನಿಯಮದಂತೆ ಯಾರು ಬೇಕಾದರೂ ಸುಧಾರಿಸಬಹುದು, ಆದರೆ ಸುಧಾರಣೆಯನ್ನು ಟ್ರಸ್ಟಿಗೆ ಮರಳಿಸಬೇಕು.

2004ರ ಏಪ್ರಿಲ್‌ನಲ್ಲಿ ಪಿಕೋಪೆಟಾ ಕಂಪನಿಯ 'ಅಮಿಡಾ' ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಅದರೊಳಗೆ ಚಲನೆಯನ್ನು ಗುರುತಿಸುವ ಸಂವೇದಕವಿತ್ತು. ಮಣಿಕಟ್ಟು ತಿರುವಿದರೆ ಪುಟ ಮಗುಚುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು.

ಬಳಕೆಯೂ ಆಯಿತು. ಭೂದಾಖಲೆಯ ಕೆಲಸದಲ್ಲಿ ಕರ್ನಾಟಕ ಸರ್ಕಾರ ಅದನ್ನು ಪ್ರಯೋಗಿಸಿತು. ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ಲೆಕ್ಕಕ್ಕೆ ಬಳಸಿತು. ಛತ್ತೀಸಗಢದಲ್ಲಿ ಪಾಠಕ್ಕೆ, ಗೋವಾದಲ್ಲಿ ಕಬ್ಬಿಣದ ಅದಿರಿನ ಸಾಗಣೆಯ ಮೇಲೆ ಕಣ್ಣಿಡಲು ಬಂತು. ಇವತ್ತು ಇವೆಲ್ಲವನ್ನೂ ನಾವು ಆ್ಯಪ್ ಎನ್ನುತ್ತೇವೆ. ಹಾಗಿದ್ದೂ ಮಾರಾಟ ಕೈಹಿಡಿಯಲಿಲ್ಲ. 50,000 ಮಾರುವ ಗುರಿಯಿದ್ದದ್ದು. 2005ರ ಹೊತ್ತಿಗೆ ಹೋದದ್ದು ಸುಮಾರು 4,000.

ಏಕೆ? 'ಅಗ್ಗದ ಮೊಬೈಲ್ ಬಂತು, ಸಿಂಪ್ಯೂಟರ್ ಮುಳುಗಿತು' ಎನ್ನುವುದು ವಾಡಿಕೆಯ ಉತ್ತರ. ಅದರಲ್ಲಿ ಅರ್ಧ ನಿಜವಿದೆ. 2003ರಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಕಟ್ಟಿದವರ ಕೈಗೆ ಫೋನ್ ಕೊಡತೊಡಗಿತು. ಮಾತಾಡಲು ಒಂದು ಯಂತ್ರ ಬೇಕು ಎಂಬುದು ಎಲ್ಲರಿಗೂ ಹೇಳದೆಯೇ ಅರ್ಥವಾಗುತ್ತಿತ್ತು. ಕೈಗಣಕ ಏಕೆ ಬೇಕು ಎಂಬುದನ್ನು ಮಾತ್ರ ಕೂತು ವಿವರಿಸಬೇಕಿತ್ತು.

ಉಳಿದರ್ಧವನ್ನು ಐಫೋನಿನ ಕಥೆಯೇ ಹೇಳುತ್ತದೆ. 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಹೊರಗಿನವರ ಆ್ಯಪ್‌ಗಳಿಗೆ ಜಾಗವೇ ಇರಲಿಲ್ಲ. ಬೇಕಿದ್ದರೆ ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನು ಮಾಡಿ ಎಂದು ಸ್ಟೀವ್ ಜಾಬ್ಸ್ ತಂತ್ರಜ್ಞರಿಗೆ ಹೇಳಿದ್ದರು. ಮರುವರ್ಷ ನಿಲುವು ಬದಲಾಯಿತು. ಯಾರೇ ಆ್ಯಪ್ ಬರೆದರೂ ಅದನ್ನು ಬಳಕೆದಾರರಿಗೆ ತಲುಪಿಸುವ ಒಂದು ದಾರಿ ಸಿಕ್ಕಿತು, ಬಂದ ಹಣದಲ್ಲಿ ಶೇ. 70 ಬರೆದವರಿಗೆ ಎಂಬ ಲೆಕ್ಕವೂ ಸ್ಪಷ್ಟವಾಯಿತು. ಸಿಂಪ್ಯೂಟರಿನಲ್ಲಿ ಇಲ್ಲದಿದ್ದದ್ದು ಈ ದಾರಿ. ಅಲ್ಲಿ ಪ್ರತಿಯೊಂದು ಬಳಕೆಯೂ ಒಂದು ಇಲಾಖೆ ಅಥವಾ ಸಂಸ್ಥೆಯ ಯೋಜನೆಯಾಗಿ ಬರಬೇಕಿತ್ತು. ಯೋಜನೆ ಮುಗಿದರೆ ಆ್ಯಪ್ ಕೂಡ ಮುಗಿದಂತೆ. ತುಮಕೂರಿನ ಹುಡುಗಿಯೊಬ್ಬಳು ಅಡಿಕೆ ಧಾರಣೆ ಹೇಳುವ ತಂತ್ರಾಂಶ ಬರೆದಿದ್ದರೂ ಅದು ಶಿರಸಿಯ ಬೆಳೆಗಾರರ ಕೈಸೇರಲು ಉಪಾಯವಿರಲಿಲ್ಲ. ವಿನ್ಯಾಸದ ಬಾಗಿಲು ತೆರೆದೇ ಇತ್ತು. ಸರಕು ಹೊತ್ತು ತರುವ ರಸ್ತೆ ಇರಲಿಲ್ಲ.

ಆದರೆ ರಸ್ತೆ ಬಂದ ಮೇಲೆ ಕನ್ನಡ ಅದರಲ್ಲಿ ಹಿಂದೆ ಬಿತ್ತು. ಮೂಲ ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ತೋರಿಸುವ ವ್ಯವಸ್ಥೆ ಸೇರಿದ್ದು 2012ರ 4.1 ಆವೃತ್ತಿಯಲ್ಲಿ, ಮೆನುಗಳು ಕನ್ನಡಕ್ಕೆ ಬಂದದ್ದು 2014ರ 5.0ರಲ್ಲಿ. 2001ರಲ್ಲಿ ಮಲ್ಲೇಶ್ವರದ ಸನಿಹದ ಒಂದು ಪ್ರಯೋಗಾಲಯ ಬಿಡಿಸಿದ್ದ ಕಗ್ಗಂಟಿಗೆ ಜಗತ್ತಿನ ಮಾರುಕಟ್ಟೆ ಮರಳಿದ್ದು ಹನ್ನೊಂದು ವರ್ಷದ ನಂತರ. ಅಲ್ಲಿಯವರೆಗೆ ಎಷ್ಟೋ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಕನ್ನಡಿಗರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸುವ ರೂಢಿಗೆ ಬಿದ್ದದ್ದರಲ್ಲಿ ಆ ವರ್ಷಗಳ ಪಾಲು ದೊಡ್ಡದು. ಒಮ್ಮೆ ಬೆರಳಿಗೆ ಹತ್ತಿದ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. 2016ರಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಮಾನದಂಡ ಫೋನುಗಳು 22 ಭಾಷೆಗಳನ್ನು ತೋರಿಸಬೇಕೆಂದು ಹೇಳುವ ಹೊತ್ತಿಗೆ ಆ ಅಭ್ಯಾಸ ಗಟ್ಟಿಯಾಗಿತ್ತು.

ಹಾಗಾದರೆ ಈಗ ಆ್ಯಪ್ ಮಾಡುವ ವಿದ್ಯಾರ್ಥಿಗಳು ಇದರಿಂದ ಏನನ್ನು ತೆಗೆದುಕೊಳ್ಳಬಹುದು? ಮೊದಲಿಗೆ, ಫೋನ್ ಒಬ್ಬರದೇ ಎಂದು ಭಾವಿಸಬೇಡಿ. ಎಷ್ಟೋ ಮನೆಗಳಲ್ಲಿ ಒಂದೇ ಫೋನಿನಲ್ಲಿ ಮಗಳ ಪಾಠವೂ ತಾಯಿಯ ಸ್ವಸಹಾಯ ಸಂಘದ ಲೆಕ್ಕವೂ ನಡೆಯುತ್ತವೆ. ಸ್ಮಾರ್ಟ್ ಕಾರ್ಡ್ ಹೋಗಿದೆ, ಅದು ಕೇಳಿದ ಪ್ರಶ್ನೆ ಹೋಗಿಲ್ಲ: ಒಬ್ಬರ ವಿವರ ಇನ್ನೊಬ್ಬರಿಗೆ ಕಾಣದಂತೆ ಹೇಗೆ ಬದಲಾಯಿಸಿಕೊಳ್ಳುವುದು? ಎರಡನೆಯದಾಗಿ, ಕನ್ನಡವನ್ನು ಕೊನೆಗೆ ಅಂಟಿಸುವ ಅನುವಾದವಾಗಿ ನೋಡಬೇಡಿ. ಇಂಗ್ಲಿಷಿನ ಒಂದು ಚಿಕ್ಕ ಪದಕ್ಕೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡ ಪದ ತುಂಡಾಗುತ್ತದೆ, ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಮೊದಲ ನಕ್ಷೆಯನ್ನೇ ಕನ್ನಡದಲ್ಲಿ ಬರೆದರೆ ಈ ತೊಂದರೆ ಅಲ್ಲೇ ಕಾಣುತ್ತದೆ. ಮೂರನೆಯದಾಗಿ, ಓದಿ ಹೇಳುವ ಸೌಲಭ್ಯವನ್ನು ಕಣ್ಣು ಕಾಣದವರಿಗಷ್ಟೇ ಎಂದುಕೊಳ್ಳಬೇಡಿ. ಅಕ್ಷರ ಕಲಿಯದ ಅಜ್ಜಿಗೂ ಅದೇ ಬೇಕು. ನಾಲ್ಕನೆಯದಾಗಿ, ನೆಟ್‌ವರ್ಕ್ ಇಲ್ಲದ ಕಡೆಯೂ ಆ್ಯಪ್ ತೆರೆಯುವಂತಿರಲಿ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಹುಡುಕಿ ಈಗಲೂ ಗುಡ್ಡ ಹತ್ತಬೇಕು.

ಕೊನೆಯದು ತಂತ್ರದ ಮಾತಲ್ಲ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದಕ್ಕಾಗಿ ಬರೆಯುವವರು ಬದುಕುವ ದಾರಿ ಇರಬೇಕು. ಹೊಸ ಇಲಾಖಾ ಆ್ಯಪ್ ಒಂದು ಉದ್ಘಾಟನೆಯಾದಾಗಲೆಲ್ಲ ನಾವು ಕೇಳಬೇಕಾದ್ದು ಇದನ್ನೇ: ಮೂರು ವರ್ಷದ ನಂತರ ಇದನ್ನು ತಿದ್ದುವವರು ಯಾರು, ಅವರ ಸಂಬಳ ಎಲ್ಲಿಂದ?