ಹಿಂಬದಿ ಎತ್ತಿದ ಅಂಬಾಸಿಡರ್: ಕಾರಿನ ಎತ್ತರ ನಿರ್ಧರಿಸಿದ್ದು ನಮ್ಮ ರಸ್ತೆ

ಹಳೆಯ ಬಾಡಿಗೆ ಅಂಬಾಸಿಡರ್ ಖಾಲಿ ನಿಂತಿದ್ದನ್ನು ನೋಡಿದ್ದೀರಾ? ಮೂತಿ ತಗ್ಗು, ಹಿಂಬದಿ ಎತ್ತರ. ಈಗಿನ ಹುಡುಗರು ಅದನ್ನು ಶೋಕಿ ಅಂದುಕೊಳ್ಳುತ್ತಾರೆ. ಆದರೆ ಹಿಂದಿನ ಸೀಟಿನಲ್ಲಿ ಐದಾರು ಮಂದಿ ಕೂತು, ಡಿಕ್ಕಿಯಲ್ಲಿ ಪಾತ್ರೆ, ರೊಟ್ಟಿ ಬುತ್ತಿ, ಜೋಳದ ಚೀಲ ಏರಿದ ಮೇಲೆ ಅದೇ ಕಾರು ಮಟ್ಟಕ್ಕೆ ಬರುತ್ತಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕುಟುಂಬದ ಭಾರವನ್ನು ಮೊದಲೇ ಲೆಕ್ಕ ಹಾಕಿ ಎತ್ತಿಸಿದ ಎತ್ತರ ಅದು.

ಅದಕ್ಕೂ ಮೊದಲು ನಮ್ಮದು ಚಕ್ಕಡಿಯ ಕಾಲ. ಚಕ್ಕಡಿಗೆ ಸ್ಪ್ರಿಂಗ್ ಇಲ್ಲ. ಅಚ್ಚಿನ ಪೆಟ್ಟು ನೇರವಾಗಿ ಕೂತವರ ಬೆನ್ನಿಗೆ. ಅದಕ್ಕೇ ಭರತ ಹುಣ್ಣಿಮೆಗೆ ಸವದತ್ತಿಗೆ ಹೊರಟವರು ಚಕ್ಕಡಿಯೊಳಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಸುತ್ತಿದ್ದರು. ಗಾಲಿ ಮಾತ್ರ ದೊಡ್ಡದು, ಎರಿ ಮಣ್ಣಿನ ಕೆಸರಿನಲ್ಲಿ ಅಚ್ಚು ಹುಗಿಯಬಾರದಲ್ಲ.

ಹಲವು ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಜೋಡಿಸುವ ಪಾಟಾಕ್ಕೆ 1804ರಲ್ಲಿ ಲಂಡನ್ನಿನ ಒಬಡಯ್ಯ ಎಲಿಯಟ್ ಪೇಟೆಂಟ್ ಪಡೆದ. ಅದು ಕುದುರೆ ಗಾಡಿಗಳಿಗೆ ಬಂತು, ಆಮೇಲೆ ಮೋಟಾರಿಗೆ. ಮಹೀಂದ್ರಾ ಕಂಪನಿ 1947ರಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿದ ಜೀಪಿನ ನಾಲ್ಕೂ ಗಾಲಿಗೆ ಪಾಟಾವೇ ಇತ್ತು. 1957ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಅಂಬಾಸಿಡರ್ ತಂದಿತು. ಅದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಹಿಂದೆ ಪಾಟಾ, ಮುಂದೆ ಟಾರ್ಷನ್ ಬಾರ್.

ಟಾರ್ಷನ್ ಬಾರ್ ಅಂದರೆ ಉದ್ದನೆಯ ಉಕ್ಕಿನ ಸಲಾಕೆ. ಒಂದು ತುದಿ ಕಾರಿನ ಒಡಲಿಗೆ ಬಿಗಿ, ಇನ್ನೊಂದು ತುದಿ ಗಾಲಿಯ ತೋಳಿಗೆ. ಗಾಲಿ ಮೇಲೆದ್ದಾಗ ಸಲಾಕೆ ಹಸಿ ಬಟ್ಟೆ ಹಿಂಡಿದಂತೆ ತಿರುಚಿ, ಮತ್ತೆ ಮೊದಲಿನಂತಾಗುತ್ತದೆ. ತುದಿಯಲ್ಲಿ ಹಲ್ಲುಗಳಿವೆ. ಮಿಸ್ತ್ರಿ ಕಾರನ್ನು ಜಾಕ್ ಮೇಲೆ ಎತ್ತಿ, ಸಲಾಕೆಯ ಒತ್ತಡ ಇಳಿಸಿ, ಹಲ್ಲು ಬದಲಿಸಿ ಕೂರಿಸಿದರೆ ಮೂತಿ ಏರುತ್ತದೆ ಅಥವಾ ಇಳಿಯುತ್ತದೆ. ಒತ್ತಡ ಇಳಿಸದೆ ಬಿಚ್ಚಿದರೆ ಕೈಯೇ ಹೋದೀತು.

ಹಿಂಬದಿಯ ಕೆಲಸ ಬೇರೆ. ಸೋತ ಪಾಟಾ ಬಿಚ್ಚಿ ಬಡಿದು ಕಮಾನು ಹೆಚ್ಚಿಸಬೇಕು, ಇಲ್ಲವೇ ಒಂದು ಪ್ಲೇಟು ಹೆಚ್ಚು ಹಾಕಬೇಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿದ ಪ್ಲೇಟಿಗೆ ಸರಿಯಾಗಿ ಹದ ಕೊಡದಿದ್ದರೆ ಅದು ಬೇಗ ಸೋಲುತ್ತದೆ, ಇಲ್ಲವೇ ಮುರಿಯುತ್ತದೆ. ಪ್ಲೇಟು ಹೆಚ್ಚಾದರೆ ಭಾರ ತಡೆಯುತ್ತದೆ ನಿಜ, ಆದರೆ ಖಾಲಿ ಕಾರು ಕುಪ್ಪಳಿಸುತ್ತದೆ, ಬ್ರೇಕ್ ಹಾಕಿದಾಗ ಹಿಂದಿನ ಗಾಲಿಗೆ ಹಿಡಿತ ಕಡಿಮೆ.

ಇಷ್ಟೆಲ್ಲ ಯಾಕೆ ಬೇಕಾಯಿತು? ನಮ್ಮ ನೆಲದಿಂದ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರಿ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ಹಾಗೇ ಏಳುತ್ತದೆ, ಕುಸಿಯುತ್ತದೆ. ಕಿತ್ತೂರಿನ ಪಕ್ಕದ ಪುಣೆ–ಬೆಂಗಳೂರು ಹೆದ್ದಾರಿ ನಾಲ್ಕು ಪಥವಾಯಿತು. ಆದರೆ ಹೆದ್ದಾರಿ ಬಿಟ್ಟು ಊರ ದಾರಿ ಹಿಡಿದ ಕೂಡಲೇ ಕಾರಿನ ಹೊಟ್ಟೆ ನೆಲಕ್ಕೆ ತಾಗುವ ಭಯ ಶುರು. ರೋಡ್ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಎಂದು 1988ರಲ್ಲಿ ಹೇಳಿತ್ತು ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಿಮ್ಮ ಊರ ಮುಂದಿನದನ್ನು ಒಮ್ಮೆ ಅಳೆದು ನೋಡಿ.

2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಉಳಿದ ಕಾರುಗಳನ್ನು ಕೊಂಡು, ವಿಡಿಯೋ ನೋಡಿ, ನೆಲಕ್ಕೆ ತಾಗುವಷ್ಟು ಇಳಿಸುವ ಆಸೆ ಈಗ ಹುಡುಗರದ್ದು. ಆಸೆ ತಪ್ಪಲ್ಲ, ಆದರೆ ಸ್ಪ್ರಿಂಗ್ ಕತ್ತರಿಸುವುದು ತಪ್ಪು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಕಾರು ಒಂದು ಕಡೆ ವಾಲಿದ್ದರೆ ಮೊದಲು ಟೈರಿನ ಗಾಳಿ ನೋಡಿ. ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಗಾಲಿಯ ಮೇಲೆ ನೆಲದಿಂದ ಮಡ್‌ಗಾರ್ಡಿನವರೆಗೆ ಟೇಪು ಹಿಡಿಯಿರಿ. ಎತ್ತರ ಸರಿಪಡಿಸಿದ ಮೇಲೆ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ನೋಡಿಸಲೇಬೇಕು. ಮೂತಿ ಏರಿದ ಕಾರಿನ ಬೆಳಕು ಎದುರು ಬರುವ ಬೈಕ್ ಸವಾರನ ಕಣ್ಣಿಗೇ ಹೊಡೆಯುತ್ತದೆ.

ಹಿಂದಿನವರು ಕಾರಿನ ಎತ್ತರ ನಿರ್ಧರಿಸುವಾಗ ಎರಡೇ ಪ್ರಶ್ನೆ ಕೇಳುತ್ತಿದ್ದರು: ಎಷ್ಟು ಮಂದಿ ಕೂಡುತ್ತಾರೆ, ಯಾವ ದಾರಿಯಲ್ಲಿ ಹೋಗಬೇಕು. ಇವತ್ತಿಗೂ ಅವೇ ಸರಿಯಾದ ಪ್ರಶ್ನೆಗಳು.