ಗಟ್ಟಿಪಿತ್ತದ ಕಥೆ

ಕೊಲೆಸ್ಟ್ರಾಲ್ ಎಂಬ ಮಾತು ಈಗ ಹಳ್ಳಿಯ ಜಗಲಿಕಟ್ಟೆಯನ್ನೂ ಹತ್ತಿ ಕೂತಿದೆ. "ಬಿಪಿ, ಶುಗರ್ ಪರವಾಗಿಲ್ಲ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿಯಂತೆ" ಎನ್ನುವಾಗ ಯಾರ ನಾಲಗೆಯೂ ತಡವರಿಸುವುದಿಲ್ಲ. ಅದರ ಮೊದಲ ಎರಡಕ್ಷರ ನಮ್ಮ ಕಿವಿಗೆ ಕೊಲೆ ಎಂದೇ ಕೇಳಿಸುವುದು ಅದರ ಅಪಖ್ಯಾತಿಗೆ ಒತ್ತಾಸೆಯಾಗಿರಲೂ ಸಾಕು. ಆದರೆ ಅದು ಗ್ರೀಕಿನ 'ಖೊಲೆ', ಎಂದರೆ ಪಿತ್ತ. ಕಾಲರಾ ಎಂಬ ರೋಗದ ಹೆಸರನ್ನೂ ಇದೇ ಬೇರಿಗೆ ಸೇರಿಸುವುದು ರೂಢಿ. ಎರಡನೆಯ ತುಂಡು 'ಸ್ಟೆರೆಯೊಸ್', ಗಟ್ಟಿಯಾದದ್ದು. ಒಂದು ಕಾಲಕ್ಕೆ ನಮ್ಮ ನಡುಮನೆಗಳಲ್ಲಿ ಹಾಡುತ್ತಿದ್ದ ಸ್ಟೀರಿಯೊ ಸೆಟ್ಟಿನ ಹೆಸರಿನಲ್ಲಿ ಇರುವುದೂ ಅದೇ. ಎರಡನ್ನೂ ಕೂಡಿಸಿದರೆ ಗಟ್ಟಿಪಿತ್ತ. ಹೆಸರಿನಲ್ಲಿ ಹೃದಯದ ಸುದ್ದಿಯೂ ಇಲ್ಲ, ರಕ್ತನಾಳದ ಸುದ್ದಿಯೂ ಇಲ್ಲ.

ಇರಲು ಕಾರಣವೂ ಇರಲಿಲ್ಲ. 18ನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಪುಲೆಟಿಯೆ ದ ಲಾ ಸಾಲ್ ಈ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಪಿತ್ತಕೋಶದ ಕಲ್ಲುಗಳಿಂದ. ಬಿಳಿಯ, ಹೊಳೆಯುವ, ತೆಳುಹಲ್ಲೆಗಳಂಥ ಹರಳು. ಹೆಸರಿಟ್ಟವನು ಮಿಶೆಲ್ ಯುಜೀನ್ ಷೆವ್ರೂಲ್. ಕೊಬ್ಬನ್ನು ಕ್ಷಾರದಲ್ಲಿ ಕುದಿಸಿ ಸಾಬೂನು ಮಾಡಿ, ಅದರೊಳಗೆ ಏನೇನಿದೆಯೆಂದು ಬಿಡಿಸಿ ನೋಡುವುದೇ ಅವನ ಕೆಲಸ. ಹಂದಿಯ ಕೊಬ್ಬು, ಕುರಿಯ ಕೊಬ್ಬು ಎಲ್ಲವೂ ಸಾಬೂನಾದವು. ಪಿತ್ತಗಲ್ಲಿನ ಹರಳು ಮಾತ್ರ ಎಷ್ಟು ಕುದಿಸಿದರೂ ಜಗ್ಗಲಿಲ್ಲ. ಹಾಗಾದರೆ ಇದು ಕೊಬ್ಬೇ ಅಲ್ಲ ಎಂದು ತೀರ್ಮಾನಿಸಿ, 1815ರ ಆಸುಪಾಸಿನಲ್ಲಿ ಅದನ್ನು 'ಕೊಲೆಸ್ಟರಿನ್' ಎಂದು ಕರೆದ. 1859ರಲ್ಲಿ ರಸಾಯನಶಾಸ್ತ್ರಜ್ಞ ಬರ್ತೆಲೊ ಇದು ರಸಾಯನದ ಲೆಕ್ಕದಲ್ಲಿ ಆಲ್ಕೊಹಾಲ್ ಜಾತಿಯದೆಂದು ತೋರಿಸಿದ ಮೇಲೆ ಬಾಲದ 'ಇನ್' ಹೋಗಿ 'ಆಲ್' ಬಂತು. ಜರ್ಮನರೂ ರಷ್ಯನ್ನರೂ ಇಂದಿಗೂ ಹಳೆಯ 'ಇನ್' ಬಿಟ್ಟಿಲ್ಲ. ಜೀವಮಾನದ ಬಹುಭಾಗ ಕೊಬ್ಬಿನ ನಡುವೆಯೇ ಕಳೆದ ಷೆವ್ರೂಲ್ 102 ವರ್ಷ ಬದುಕಿದ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ನಮ್ಮ ಪತ್ರಿಕೆಗಳು ಮಾತ್ರ ಅದನ್ನು ಕೆಟ್ಟ ಕೊಬ್ಬು, ಒಳ್ಳೆಯ ಕೊಬ್ಬು ಎಂದೇ ಬರೆಯುತ್ತವೆ. ಕೊಬ್ಬು ಹಳೆಯ ಪದ. ಕರ್ಬು ಕಬ್ಬಾದಂತೆ ಕೊರ್ಬು ಕೊಬ್ಬಾಯಿತು. ಸೊಕ್ಕು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿರುವುದರಿಂದ ಬೈಯಲು ಅನುಕೂಲ. ಆದರೆ ಕೊಲೆಸ್ಟ್ರಾಲ್ ಕೊಬ್ಬೆಂಬ ವಾದ ಸಾಬೂನಿನ ಕಡಾಯಿಯಲ್ಲಿ ಬಿದ್ದುಹೋಗಿ 200 ವರ್ಷವಾಯಿತು.

ಪಿತ್ತದ ಹೆಸರಿನ ವಸ್ತು ರಕ್ತನಾಳದ ಆರೋಪಿಯಾದದ್ದು 1913ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ನಿಕೊಲಾಯ್ ಅನಿಚ್ಕೊವ್ ಮತ್ತು ಸೆಮ್ಯೊನ್ ಖಲಾತೊವ್ ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮಹಾಧಮನಿಯ ಒಳಗೋಡೆಯಲ್ಲಿ ಹಳದಿ ದಡಿಕೆ ಕಟ್ಟಿತು. ಬರೀ ಎಣ್ಣೆ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ಇಲಿ, ನಾಯಿಗಳ ಮೇಲೆ ಇದೇ ಪ್ರಯೋಗ ಸುಲಭಕ್ಕೆ ಫಲಿಸಲಿಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದಕ್ಕೆ ಇದು ಒಗ್ಗದ ಊಟ ಎಂದು ಹಲವರು ತಳ್ಳಿಹಾಕಿದರು. ಇಲಿಯ ಈಲಿ (ಲಿವರ್) ಹೆಚ್ಚುವರಿ ಕೊಲೆಸ್ಟ್ರಾಲನ್ನು ಚುರುಕಾಗಿ ಪಿತ್ತದ ಆಮ್ಲಗಳಾಗಿ ಮಾರ್ಪಡಿಸಿಬಿಡುತ್ತದೆ; ಮೊಲಕ್ಕೆ ಆ ಚುರುಕಿಲ್ಲ. ಅಂದರೆ ವ್ಯತ್ಯಾಸ ಅಡಗಿದ್ದದ್ದೂ ಪಿತ್ತದಲ್ಲೇ.

ಇದಕ್ಕಿಂತ ನನಗೆ ಹೆಚ್ಚು ರುಚಿಸುವುದು 1960ರ ದಶಕದಲ್ಲಿ ಅಮೆರಿಕದ ಡೇವಿಡ್ ಕ್ರಿಚೆವ್‌ಸ್ಕಿ ಬಿಡಿಸಿದ ಗಂಟು. ಮೊಲಕ್ಕೆ ಕೊಲೆಸ್ಟ್ರಾಲನ್ನು ಕೊಡಲೇ ಇಲ್ಲ. ಕೊಟ್ಟದ್ದು ಗಟ್ಟಿ ಮಾಡಿದ ತೆಂಗಿನೆಣ್ಣೆಯಂಥ ಪರ್ಯಾಪ್ತ ಕೊಬ್ಬು. ಅದನ್ನು ಹಾಲಿನ ಪ್ರೋಟೀನು, ಸಕ್ಕರೆ, ಸೆಲ್ಯುಲೋಸ್ ಬೆರೆಸಿದ ಶುದ್ಧೀಕರಿಸಿದ ಆಹಾರದಲ್ಲಿ ಕೊಟ್ಟರೆ ರಕ್ತದ ಕೊಲೆಸ್ಟ್ರಾಲ್ ಏರಿ ಧಮನಿ ಕೆಡುತ್ತಿತ್ತು. ಅದೇ ಕೊಬ್ಬನ್ನು ಸೊಪ್ಪುಸದೆ, ಧಾನ್ಯಗಳಿಂದ ಮಾಡಿದ ಮಾಮೂಲು ಮೊಲದ ಮೇವಿಗೆ ಕಲಸಿಕೊಟ್ಟರೆ ಹಾಗಾಗುತ್ತಿರಲಿಲ್ಲ. ಮೇವಿನಲ್ಲಿರುವ ಎಣ್ಣೆಯಂಶವೇ ಕಾಯುತ್ತಿದೆಯೋ ಎಂದು ಅದನ್ನು ತೆಗೆದು ನೋಡಿದರು. ಉಳಿದ ಚರಟವೂ ಕಾಯಿತು. ಅನುಮಾನ ನಾರಿನ ಕಡೆ ತಿರುಗಿತು.

ನಾರು ಮಾಡುವುದೇನು? ಈಲಿ ಕೊಲೆಸ್ಟ್ರಾಲಿನಿಂದ ಪಿತ್ತದ ಆಮ್ಲ ತಯಾರಿಸಿ, ಜಿಡ್ಡನ್ನು ಕರಗಿಸಲು ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಸಣ್ಣಕರುಳಿನ ಕೊನೆ ಹೀರಿಕೊಂಡು ಈಲಿಗೇ ವಾಪಸ್ಸು ಕಳಿಸುತ್ತದೆ. ಕೆಲವು ಬಗೆಯ ನಾರು ಈ ಆಮ್ಲವನ್ನು ಹಿಡಿದಿಟ್ಟು ಮಲದೊಡನೆ ಹೊರಹಾಕುತ್ತದೆ. ಖೋತಾ ತುಂಬಿಸಲು ಈಲಿ ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳಲೇಬೇಕು. ಕೊಲೆಸ್ಟಿರಮೀನ್ ಎಂಬ ಔಷಧದ ಉಪಾಯವೂ ಇಷ್ಟೇ.

ಕೊಬ್ಬಿನ ದಾರಿ ಬೇರೆ. ಪರ್ಯಾಪ್ತ ಕೊಬ್ಬು ರಕ್ತದಿಂದ ಕೊಲೆಸ್ಟ್ರಾಲ್ ಎಳೆಯುವ ಈಲಿಯ ಕೈಯನ್ನೇ ಸಡಿಲ ಮಾಡುತ್ತದೆ. ಸೂರ್ಯಕಾಂತಿಯ ಲಿನೊಲೆಯಿಕ್ ಆಮ್ಲದಂಥದು ಬಿಗಿ ಮಾಡುತ್ತದೆ. ಪರ್ಯಾಪ್ತಗಳಲ್ಲೂ ಪಾಲ್ಮಿಟಿಕ್, ಮಿರಿಸ್ಟಿಕ್ ಏರಿಸುತ್ತವೆ, ಷೆವ್ರೂಲನೇ ಹೆಸರಿಟ್ಟ ಸ್ಟಿಯರಿಕ್ ಅಷ್ಟಾಗಿ ಏರಿಸದು. ಅಂಗಡಿಯ ಎಣ್ಣೆ ಪ್ಯಾಕೆಟ್ಟಿನ 'ಕೊಲೆಸ್ಟ್ರಾಲ್ ಮುಕ್ತ' ಎಂಬ ಬರಹ ಹೀಗಾಗಿ ಬರೀ ಶೋಕಿ. ಗಿಡದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದೇ ಇಲ್ಲ. ಕ್ರಿಚೆವ್‌ಸ್ಕಿಯ ಮೊಲಗಳು ತಿಂದದ್ದೂ ಕೊಲೆಸ್ಟ್ರಾಲ್ ಮುಕ್ತ ಊಟವನ್ನೇ.

ಇನ್ನು ನಾರು ಎಂಬ ಪದದ ಮೇಲೆ ನನ್ನದೊಂದು ತಕರಾರಿದೆ. ನಾರೆಂದರೆ ನಮಗೆ ಬಾಳೆಯ ನಾರು, ತೆಂಗಿನ ನಾರು, ನುಗ್ಗೆಕಾಯಿ ಅಗಿದು ಉಗುಳಿದ ಸಿಪ್ಪೆ. ಸೆಲ್ಯುಲೋಸ್ ಆ ಜಾತಿಯದು. ಕ್ರಿಚೆವ್‌ಸ್ಕಿಯ ಶುದ್ಧ ಆಹಾರದಲ್ಲಿ ಅದು ಇದ್ದೂ ಮೊಲವನ್ನು ಕಾಯಲಿಲ್ಲ. ಗೋಧಿ ಹೊಟ್ಟು ಮಲಬದ್ಧತೆಗೆ ಸರಿ, ಕೊಲೆಸ್ಟ್ರಾಲಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪಿತ್ತವನ್ನು ಹಿಡಿಯುವುದರಲ್ಲಿ ಗಟ್ಟಿಗ ನೀರಿನಲ್ಲಿ ಉಬ್ಬಿ ಅಂಟಂಟಾಗುವ ನಾರು: ನೆನೆಸಿದ ಮೆಂತ್ಯ, ಇಸಬ್‌ಗೋಲು, ಓಟ್ಸಿನ ಗಂಜಿ, ಹಣ್ಣಿನ ಪೆಕ್ಟಿನ್. ಕನ್ನಡದಲ್ಲಿ ಇದಕ್ಕೆ ಲೋಳೆ ಎಂಬ ಒಳ್ಳೆಯ ಮಾತೇ ಇದೆ. ಪಠ್ಯಪುಸ್ತಕಗಳು ಅದನ್ನು ಹತ್ತಿರ ಸೇರಿಸಿಲ್ಲ.