ಗೃಹಕ್ರಯವೂ ಕಾಲವಿಳಂಬವೂ

ಕನ್ನಡದಲ್ಲಿ ‘ಸಂಚಕಾರ’ ಎಂಬುದೊಂದು ಮಾತುಂಟು. ಈಗ ನಾವು ಅದನ್ನು ಪ್ರಾಣಕ್ಕೋ ಮಾನಕ್ಕೋ ಕುತ್ತು ಬಂದ ಸಂದರ್ಭದಲ್ಲಿ ಮಾತ್ರ ಪ್ರಯೋಗಿಸುತ್ತೇವೆ. ಅದರ ಮೊದಲಿನ ಅರ್ಥ ಬೇರೆ. ಸಂಸ್ಕೃತದ ‘ಸತ್ಯಂಕಾರ’ ಶಬ್ದವೇ ಜನರ ನಾಲಗೆಯಲ್ಲಿ ಸವೆದು ಸಂಚಕಾರವಾಯಿತು. ಒಂದು ವಸ್ತುವನ್ನು ಕೊಳ್ಳುವೆನೆಂದು ಮಾತು ಕೊಟ್ಟವನು ಆ ಮಾತನ್ನು ಸತ್ಯವಾಗಿ ನಿಲ್ಲಿಸುವುದಕ್ಕೋಸ್ಕರ ಮುಂಗಡವಾಗಿ ಕೊಡುವ ಹಣಕ್ಕೆ ಈ ಹೆಸರು. ಮುಂಗಡವೆಂಬ ಅರ್ಥದಿಂದ ಅಪಾಯವೆಂಬ ಅರ್ಥಕ್ಕೆ ಶಬ್ದವು ಯಾವ ದಾರಿಯಲ್ಲಿ ನಡೆದು ಬಂದಿತೆಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ಒಂದು ಹಳೆಯ ಮನೆಗೆ ಸಂಚಕಾರವನ್ನು ಕೊಟ್ಟು ಎರಡು ವರ್ಷ ಮೂರು ತಿಂಗಳು ಕಾದು ಕುಳಿತ ನನಗಂತೂ ಆ ದಾರಿ ಚೆನ್ನಾಗಿ ಪರಿಚಿತವಾದುದು.

ಮನೆ ಕೊಳ್ಳುವವರು ಪಡುವ ಬವಣೆಯು ಇತ್ತೀಚಿನ ಕಚೇರಿಗಳ ಸೃಷ್ಟಿಯೆಂದೂ, ಹಿಂದಿನವರು ಬಾಯಿಮಾತಿನ ಮೇಲೆ ಊರುಗಳನ್ನೇ ಕೊಟ್ಟು ಕೊಳ್ಳುತ್ತಿದ್ದರೆಂದೂ ಅನೇಕರು ನಂಬಿರುವರು. ನಾನೂ ಹಾಗೆಯೇ ನಂಬಿದ್ದೆನು. ಗ್ರಂಥಗಳನ್ನು ತೆರೆದು ನೋಡಿದರೆ ಸಂಗತಿ ಹಾಗಿಲ್ಲ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಬಹುಕಾಲ ಹೆಸರು ಮಾತ್ರದಿಂದ ತಿಳಿದಿದ್ದ ಈ ಗ್ರಂಥದ ಓಲೆಯ ಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತೆಂಬುದು ನಮ್ಮ ನಾಡಿನವರು ಹೆಮ್ಮೆಪಡತಕ್ಕ ವಿಷಯ. ಅದರ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯವೆಂಬ ಪ್ರಕರಣವೊಂದಿದೆ. ಮನೆಯನ್ನು ಮಾರಬೇಕೆಂದಿರುವವನು ತನಗೆ ಇಷ್ಟಬಂದವರಿಗೆ ಮಾರುವಂತಿಲ್ಲ. ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಅವರು ಬೇಡವೆಂದರೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ. ಹೊರಗಿನವನ ಸರದಿ ಇವರೆಲ್ಲರ ನಂತರ. ಮಾರಾಟವಾದರೂ ಗುಟ್ಟಾಗಿ ನಡೆಯುವಂತಿಲ್ಲ. ನೆರೆಯ ನಲವತ್ತು ಮನೆತನದವರ ಸಮಕ್ಷಮದಲ್ಲಿ, ಆ ಮನೆಯ ಮುಂಭಾಗದಲ್ಲಿಯೇ ನಿಂತು, ಇಷ್ಟು ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಕೂಗಿಸಬೇಕು. ಯಾರೂ ಅಡ್ಡಬಾರದಿದ್ದರೆ ಆಗ ಕ್ರಯ. ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿದರೆ ಏರಿದಷ್ಟು ಹಣವು ಸುಂಕದೊಡನೆ ರಾಜನ ಬೊಕ್ಕಸಕ್ಕೆ ಹೋಗುವುದು. ಮುದ್ರಾಂಕ ಶುಲ್ಕವನ್ನು ಕಟ್ಟುವಾಗ ನಿಟ್ಟುಸಿರು ಬಿಡುವವರು ಈ ಮಾತನ್ನು ಗಮನಿಸಬೇಕು. ಕೂಗಿ ಒಪ್ಪಿಕೊಂಡವನು ಹಣ ತಾರದೆ ಹೋದರೆ ಮಾರುವವನು ಏಳು ರಾತ್ರಿ ಕಾಯಬೇಕೆಂದೂ ಅಲ್ಲಿ ಹೇಳಿದೆ. ಏಳೇ ರಾತ್ರಿ! ಅದನ್ನು ಓದಿದ ದಿನ ನನಗೆ ಮೌರ್ಯರ ಕಾಲದಲ್ಲಿ ಹುಟ್ಟಲಿಲ್ಲವಲ್ಲಾ ಎನ್ನಿಸಿತು.

ಕೌಟಿಲ್ಯನಿಂದ ನಮ್ಮ ಕಲ್ಯಾಣಕ್ಕೆ ಬರೋಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಕಾಲದಲ್ಲಿ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಆ ರಾಜಧಾನಿಯಲ್ಲಿ, ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದರು. ಸಂಚಕಾರದ ವಿಧಿಯನ್ನು ಅವರು ವಿವರಿಸುವ ರೀತಿ ಸ್ವಾರಸ್ಯವಾಗಿದೆ. ಕ್ರಯವನ್ನು ನಿಶ್ಚಯಿಸಿ ಉಂಗುರವನ್ನೋ ಮತ್ತಾವುದನ್ನೋ ಮಾರುವವನ ಕೈಯಲ್ಲಿ ಇಟ್ಟಿದ್ದ ಪಕ್ಷದಲ್ಲಿ, ಇಟ್ಟವನೇ ಮಾತಿಗೆ ತಪ್ಪಿದರೆ ಅದು ಅವನ ಕೈಬಿಟ್ಟಿತು. ಪಡೆದವನು ತಪ್ಪಿದರೆ ಎರಡರಷ್ಟು ತೆರಬೇಕು. ನಮ್ಮ ಪತ್ರಬರಹಗಾರರು ಇಂದಿಗೂ ಕರಾರುಪತ್ರದಲ್ಲಿ ಇಂಥದೇ ಷರತ್ತನ್ನು ಬರೆಯುವುದುಂಟು. ಅವರಲ್ಲಿ ಎಷ್ಟು ಮಂದಿಗೆ ತಮ್ಮ ಲೇಖನಿಯ ಹಿಂದೆ ಯಾಜ್ಞವಲ್ಕ್ಯನು ನಿಂತಿರುವನೆಂಬ ಅರಿವಿದೆಯೋ ಕಾಣೆ.

ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಹೋಗುವುದಕ್ಕೆ ಆರು ಅಂಗಗಳು ಬೇಕೆಂಬ ಪ್ರಾಚೀನ ವಚನವೊಂದನ್ನು ಮಿತಾಕ್ಷರೆಯು ಎತ್ತಿಕೊಂಡು ಚರ್ಚಿಸುತ್ತದೆ: ಗ್ರಾಮದವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿ ನಾಲ್ಕು, ಹಿರಣ್ಯ ಮತ್ತು ಉದಕ ಎರಡು. ವಿಜ್ಞಾನೇಶ್ವರರ ವಿವೇಕವನ್ನು ಇಲ್ಲಿ ನೋಡಬೇಕು. ಗ್ರಾಮದವರು ಒಪ್ಪದಿದ್ದರೆ ವ್ಯವಹಾರವೇ ಅಸಿದ್ಧವೆಂದು ಅವರು ಹೇಳುವುದಿಲ್ಲ; ಅವರ ಅನುಮತಿಯು ವ್ಯವಹಾರವನ್ನು ಬಹಿರಂಗಪಡಿಸುವುದಕ್ಕಾಗಿ. ನೆರೆಯವರ ಅನುಮತಿ ಎಲ್ಲೆಕಟ್ಟಿನ ಜಗಳ ಬಾರದಿರಲೆಂದು. ಜ್ಞಾತಿ ದಾಯಾದರ ಅನುಮತಿ, ಮುಂದೆ ಇವರು ವಿಭಕ್ತರೋ ಅವಿಭಕ್ತರೋ ಎಂಬ ಸಂಶಯವೆದ್ದಾಗ ತೊಡಕಾಗದಿರಲೆಂದು. ಇನ್ನು ನೀರು ಮತ್ತು ಚಿನ್ನವೇಕೆ? ಸ್ಥಾವರವನ್ನು ಮಾರುವುದು ನಿಷಿದ್ಧ, ದಾನ ಮಾಡುವುದು ಪ್ರಶಸ್ತ. ಆದುದರಿಂದ ಮಾರಲೇಬೇಕಾಗಿ ಬಂದರೆ ದಾನದ ರೂಪದಲ್ಲಿ ಧಾರೆಯೆರೆದು ಮಾರತಕ್ಕದ್ದು. ಮನೆಯನ್ನು ಮಾರುವವನ ಮುಖದಲ್ಲಿ ಇಂದಿಗೂ ಕಾಣುವ ಒಂದು ಬಗೆಯ ಸಂಕೋಚಕ್ಕೆ ಇಷ್ಟು ಹಳೆಯ ಕಾರಣವಿದೆ.

ಕನ್ನಡ ನಾಡಿನ ಶಾಸನಗಳಲ್ಲಿಯೂ ಇದೇ ಪದ್ಧತಿಯ ನೆರಳನ್ನು ಕಾಣಬಹುದು. ನಾಲ್ಕು ದಿಕ್ಕಿನ ಎಲ್ಲೆ, ನಿಧಿ ನಿಕ್ಷೇಪ ಮೊದಲಾದ ಅಷ್ಟಭೋಗ, ಸಾಕ್ಷಿಗಳ ಒಪ್ಪ, ಬರೆದ ಸೇನಬೋವನ ಹೆಸರು. ಕಲ್ಲಿನ ಮೇಲೆ ಕೊರೆಯಿಸಿ ದೇವಾಲಯದ ಮುಂದೆ ನೆಟ್ಟ ಬಳಿಕ ದಾರಿಹೋಕನೂ ಅದಕ್ಕೆ ಸಾಕ್ಷಿಯೇ.

ಆಂಗ್ಲರ ಕಾಲದಲ್ಲಿ ಕ್ರಯವು ಬೀದಿಯಿಂದ ಕೋಣೆಯೊಳಕ್ಕೆ ಹೋಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ನೂರು ರೂಪಾಯಿಗೆ ಕಡಿಮೆಯಿಲ್ಲದ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಾಯಿತ ಪತ್ರವೇ ಬೇಕೆಂದಿತು. ಈಗಲೂ ನಡೆಯುತ್ತಿರುವ ನೋಂದಣಿ ಕಾಯಿದೆ 1908ರದು. ಇಲ್ಲಿ ಒಂದು ಸೂಕ್ಷ್ಮವಿದೆ. ನೋಂದಣಿಯ ಕಚೇರಿಯಲ್ಲಿ ದಾಖಲಾಗುವುದು ಪತ್ರವೇ ಹೊರತು ಹಕ್ಕಲ್ಲ. ಮಾರುವವನು ನಿಜವಾದ ಒಡೆಯನೇ ಎಂಬುದಕ್ಕೆ ಅಧಿಕಾರಿಯು ಜವಾಬ್ದಾರನಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ಎಂಬಾತನು 1858ರಲ್ಲಿ ಬೇರೊಂದು ಕ್ರಮವನ್ನು ತಂದನು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಹಿಂದಿನ ಪತ್ರಗಳನ್ನು ಕೆದಕಬೇಕಾಗಿಲ್ಲ. ನಮ್ಮಲ್ಲಿ ಕೆದಕುವ ಭಾರವು ಕೊಳ್ಳುವವನ ತಲೆಯ ಮೇಲೆಯೇ ಉಳಿಯಿತು. ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು? ಅಡವನ್ನು ಬಿಡಿಸಿಕೊಳ್ಳಲು ದಾವೆ ಹೂಡುವುದಕ್ಕೆ 1908ರ ಕಾಲಪರಿಮಿತಿ ಕಾಯಿದೆಯು ಅರುವತ್ತು ವರ್ಷ ಅವಧಿ ಕೊಟ್ಟಿತ್ತು. 1963ರ ಕಾಯಿದೆಯು ಅದನ್ನು ಮೂವತ್ತಕ್ಕೆ ಇಳಿಸಿತು. ವಕೀಲರು ಮೂವತ್ತು ವರ್ಷದ ಕಾಗದಗಳನ್ನು ಕೇಳುವುದು ಹಠದಿಂದಲ್ಲ. ಸತ್ತವನ ಮೊಮ್ಮಗನೊಬ್ಬನು ಎಲ್ಲಿಂದಲೋ ಬಂದು, ಇದು ನಮ್ಮಜ್ಜ ಅಡವಿಟ್ಟ ಮನೆ ಎಂದು ನಿಲ್ಲಬಹುದಾದ ಕಾಲವದು. ಕೌಟಿಲ್ಯನು ನಲವತ್ತು ಮನೆಯವರನ್ನು ಕರೆಯಿಸಿ ಒಂದೇ ದಿನ ಕೇಳಿಸುತ್ತಿದ್ದ ಪ್ರಶ್ನೆಯನ್ನು ನಾವು ದಫ್ತರುಗಳಲ್ಲಿ ತಿಂಗಳುಗಟ್ಟಲೆ ಹುಡುಕುತ್ತೇವೆ. ಪ್ರಶ್ನೆ ಒಂದೇ: ಈ ಮನೆಯಲ್ಲಿ ಇನ್ನಾರದಾದರೂ ಪಾಲು ಉಳಿದಿದೆಯೆ?

ಸರ್ಕಾರವೇ ನಿವೇಶನವನ್ನು ಹಂಚುವ ಕಡೆ ಈ ಸಂಶಯಕ್ಕೆ ಅವಕಾಶ ಕಡಿಮೆ. ಆದರೆ ಅಲ್ಲಿ ಕಾಯುವುದಕ್ಕೆ ಬೇರೆಯ ಏರ್ಪಾಡುಂಟು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿಯಮಗಳಲ್ಲಿ ಅರ್ಜಿದಾರನು ಎಷ್ಟು ವರ್ಷಗಳಿಂದ ಕಾಯುತ್ತಿರುವನೆಂಬುದೇ ಒಂದು ಅರ್ಹತೆ! ತಪಸ್ಸಿಗೆ ಫಲವುಂಟೆಂದು ನಂಬುವವರಿಗೆ ಇದು ರುಚಿಸೀತು.

ನನ್ನ ಕಥೆಗೆ ಬರುತ್ತೇನೆ. 1997ರ ವೈಶಾಖದಲ್ಲಿ ನಮ್ಮ ಊರಿನ ಹಳೆಯ ಬೀದಿಯ ಒಂದು ನಾಡಹೆಂಚಿನ ಮನೆಗೆ ಸಂಚಕಾರ ಕೊಟ್ಟೆನು. ಮಾರುವವರು ಅಣ್ಣತಮ್ಮಂದಿರಿಬ್ಬರು, ಮನೆ ಅವರ ತಂದೆಯ ಸ್ವಯಾರ್ಜಿತ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು, ತಾಯಿ ಮೊದಲೇ ಹೋಗಿದ್ದರು. ಹಣ ಸಾಲದೆ ನನ್ನ ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟಾಗಿತ್ತು. ನಾವಿದ್ದ ಬಾಡಿಗೆಯ ಮನೆಯವರು ಶ್ರಾವಣದೊಳಗೆ ಬಿಟ್ಟುಕೊಡಿರೆಂದು ಹೇಳಿದ್ದರು. ಋಣಭಾರದ ಪತ್ರಕ್ಕೆ ಅರ್ಜಿ ಹಾಕಿದೆ; ಗುಮಾಸ್ತರು ಹಳೆಯ ಸೂಚಿಪುಸ್ತಕಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದ ಕಾಲವದು. ಎರಡು ತಿಂಗಳ ಮೇಲೆ ಬಂದ ಪತ್ರದಲ್ಲಿ ಹಳೆಯದೊಂದು ಅಡವು ಕಾಣಿಸಿತು. ಸಾಲ ಎಂದೋ ತೀರಿತ್ತು, ತೀರಿದ್ದಕ್ಕೆ ರಸೀತಿ ಮಾತ್ರ ಇರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಆಷಾಢ ಬಂದಿತು, ಆಮೇಲೆ ಪಕ್ಷಮಾಸ. ಆ ದಿನಗಳಲ್ಲಿ ಪತ್ರ ಮಾಡಿಸಲು ಅಣ್ಣತಮ್ಮಂದಿರು ಒಪ್ಪಲಿಲ್ಲ. ಪಂಚಾಂಗ ನೋಡುವ ನಾನೇ ಪಂಚಾಂಗವನ್ನು ಬೈದುಕೊಂಡೆನು.

ಇದೆಲ್ಲ ಮುಗಿಯುವ ಹೊತ್ತಿಗೆ ವಕೀಲರು, “ಇವರಿಗೆ ಅಕ್ಕತಂಗಿಯರು ಯಾರೂ ಇಲ್ಲವೆ?” ಎಂದು ಕೇಳಿದರು. ಒಬ್ಬ ಅಕ್ಕ ಇದ್ದರು. ತುಂಗಭದ್ರೆಯ ಆಚೆಯ ಹಳ್ಳಿಗೆ ಕೊಟ್ಟಿತ್ತು. “ಮದುವೆಯಲ್ಲಿ ಕೊಡುವುದನ್ನೆಲ್ಲ ಕೊಟ್ಟಾಯಿತು” ಎಂದು ತಮ್ಮಂದಿರು ಹೇಳಿದರು. ನಾನು ಅವರ ಪಕ್ಷವನ್ನು ಹಿಡಿದೆನು. ಪುತ್ರರಿರುವಾಗ ಪುತ್ರಿಗೆ ದಾಯವಿಲ್ಲವೆಂದು ಮಿತಾಕ್ಷರೆಯ ಕ್ರಮವನ್ನು ವಕೀಲರ ಮುಂದೆ ಪಾಠದಂತೆ ಒಪ್ಪಿಸಿದೆನು. ಅವರು ಎಲ್ಲವನ್ನೂ ಕೇಳಿ, “ಮೇಷ್ಟ್ರೇ, ದಾವೆ ಬಿದ್ದರೆ ವಿಜ್ಞಾನೇಶ್ವರರು ನಿಮ್ಮ ಕಡೆಯ ಸಾಕ್ಷಿಯಾಗಿ ಬರುವುದಿಲ್ಲ” ಎಂದರು. ಅವರ ಮಾತು ಸರಿ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯಿದೆ ಮಾಡಿತ್ತು. 1956ರ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದಿತು. ಪಿತ್ರಾರ್ಜಿತದಲ್ಲಿಯೂ ಹುಟ್ಟಿನಿಂದಲೇ ಮಗಳಿಗೆ ಹಕ್ಕೆಂಬುದು ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆಗ ಅದಿನ್ನೂ ಮುಂದಿನ ಮಾತು. ಈ ಮನೆಯಲ್ಲಂತೂ ಆಕೆಯ ಪಾಲು ಮೂರರಲ್ಲಿ ಒಂದು.

ಅಕ್ಕನ ರುಜುವಿಲ್ಲದೆಯೇ ಪತ್ರ ಮಾಡಿಕೊಳ್ಳುವುದಾದರೆ ಬೆಲೆಯಲ್ಲಿ ಸ್ವಲ್ಪ ಬಿಡುವೆವೆಂದು ತಮ್ಮಂದಿರು ಹೇಳಿ ಕಳುಹಿಸಿದರು. ನಾನು ಒಪ್ಪುವುದರಲ್ಲಿದ್ದೆನೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಒತ್ತೆಯ ಬಡ್ಡಿ ಬೆಳೆಯುತ್ತಿತ್ತು. ರಾತ್ರಿ ಮನೆಯಲ್ಲಿ ಪ್ರಸ್ತಾಪಿಸಿದಾಗ ನನ್ನ ಹೆಂಡತಿ ಇಷ್ಟೇ ಕೇಳಿದಳು: “ನಾಳೆ ಆಕೆ ತವರಿನ ಬಾಗಿಲೆಂದು ಬಂದು ನಿಂತರೆ ನಾನು ಅರಿಸಿನ ಕುಂಕುಮ ಕೊಡಲೋ, ಅಗುಳಿ ಹಾಕಲೋ?”

ಮರುದಿನ ಆಕೆಗೆ ನಾನೇ ಕಾಗದ ಬರೆದೆನು. ಬಹುದಿನಗಳ ಮೇಲೆ, ಬೇರೆಯವರ ಕೈಯಿಂದ ಬರೆಯಿಸಿದ ಉತ್ತರ ಬಂದಿತು. ಮನೆಯನ್ನು ಮಾರುತ್ತಿರುವ ಸಂಗತಿಯೇ ಆಕೆಗೆ ತಿಳಿದಿರಲಿಲ್ಲ. ಅಷ್ಟರಿಂದ ಮನಸ್ತಾಪವಾಯಿತು. ಅದು ಕರಗುವುದಕ್ಕೆ ಒಂದು ವರ್ಷವೇ ಹಿಡಿಯಿತು; ನಾವು ಆ ನಡುವೆ ಎರಡು ಬಾಡಿಗೆ ಮನೆಗಳನ್ನು ಬದಲಾಯಿಸಿದೆವು. 1999ರ ಶ್ರಾವಣದಲ್ಲಿ ಆಕೆ ಬಂದರು. ನೋಂದಣಿ ಕಚೇರಿಯ ಜಗಲಿಯಲ್ಲಿ ಕುಳಿತು, ಬೆಲೆ ಎಷ್ಟೆಂದು ತಮ್ಮಂದಿರನ್ನು ಕೇಳಿದರು. ಇಬ್ಬರೂ ನೆಲ ನೋಡಿದರು. ನಾನು ಹೇಳಿದೆನು. ಆಕೆ ಬೆರಳು ಮಡಿಸಿ ಮೂರಕ್ಕೆ ಭಾಗಿಸಿ, “ಸರಿ” ಎಂದರು. ಅವರ ಪಾಲು ಅವರ ಹೆಸರಿನಲ್ಲಿಯೇ ಬ್ಯಾಂಕಿನ ಡ್ರಾಫ್ಟಾಗಿ ಹೋಯಿತು. ಹೆಬ್ಬೆಟ್ಟಿನ ಮಸಿಯನ್ನು ಒರೆಸಿಕೊಳ್ಳುತ್ತಾ, ಹಿತ್ತಲ ಬಾವಿಗೆ ಇನ್ನೂ ರಾಟೆ ಇದೆಯೇ ಎಂದು ನನ್ನನ್ನು ಕೇಳಿದರು. ಇದೆ ಎಂದೆನು.

ಆಮೇಲೆ ಉಳಿದದ್ದು ಖಾತೆಯ ಬದಲಾವಣೆ. ಕಚೇರಿಗೆ ಎಷ್ಟು ಸಲ ಹೋದೆನೆಂಬ ಲೆಕ್ಕವನ್ನು ಬಿಟ್ಟೆನು. ಮುಂದಿನ ಎರಡು ವರ್ಷವೂ ಕಂದಾಯದ ರಸೀತಿ ಬಂದದ್ದು ತೀರಿಹೋದ ಆ ಯಜಮಾನರ ಹೆಸರಿನಲ್ಲಿಯೇ. ಹಣ ಕಟ್ಟಿದವನು ನಾನು. ಒಂದು ಗೌರಿಹಬ್ಬದಲ್ಲಿ ಅಕ್ಕ ಬಂದಿದ್ದಾಗ ಆ ರಸೀತಿಗಳನ್ನು ತೋರಿಸಿದೆನು. ಹೆಸರನ್ನು ಓದಿ ಹೇಳಿರೆಂದರು. ಎರಡು ಸಲ ಓದಿಸಿಕೊಂಡರು.